ಬೆಂಚು ಓದುತ್ತಿದ್ದ ಅನಾದಿಬಾಬು

ಬೆಳಗಿನ ಪ್ರಾರ್ಥನೆಯ ಗಂಟೆ ಹೊಡೆಯುವುದಕ್ಕೆ ಮುಂಚೆ ಅನಾದಿ ಕಯಾಲ್ ಏಳನೇ ಬಿ ತರಗತಿಗೆ ಹೋಗಿ, ಛತ್ರಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಬೆಂಚುಗಳನ್ನು ಓದುತ್ತಿದ್ದರು. ಬೈದ್ಯಬಾಟಿಯ ಉಳಿದ ಗಂಡಸರು ಆ ಹೊತ್ತಿಗೆ ಚಹಾದಂಗಡಿಯಲ್ಲಿ ಪತ್ರಿಕೆ ಹರಡಿಕೊಂಡು ದೇಶದ ಸ್ಥಿತಿಗೆ ತಲೆ ಕೊಡವುತ್ತಿರುತ್ತಿದ್ದರು. ಅನಾದಿಬಾಬುವಿಗೆ ಪತ್ರಿಕೆ ಬೇಕಿರಲಿಲ್ಲ. ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಒಂದೊಂದು ಹಲಗೆಯ ಮೇಲೂ ಬಾಗಿ, ನಿನ್ನೆ ಇಲ್ಲದ ಯಾವ ಗೀರು ಇಂದು ಬಂದಿದೆ ಎಂದು ನೋಡುತ್ತಿದ್ದರು. ಜ್ವರ ಬಂದ ದಿನ ಮಂಕಿ ಟೋಪಿ ಹಾಕಿಕೊಂಡು ಹೋಗಿ ಓದಿ, ಆಮೇಲೆ ರಜೆ ಬರೆದುಕೊಟ್ಟು ಮನೆಗೆ ಬಂದು ಮಲಗಿದ್ದನ್ನು ನಾನೇ ಕಂಡಿದ್ದೇನೆ. ಅವರ ಮನೆಯ ಮಹಡಿಯಲ್ಲಿ ನಾವು ಬಾಡಿಗೆಗಿದ್ದೆವು. ಅವರ ಹೆಂಡತಿ, ಅತ್ತಿಗೆ ಎಂಬಂತೆ ನಾವು ಬೌದಿ ಎನ್ನುತ್ತಿದ್ದ ಶೆಫಾಲಿಯೂ ನಾನೂ ಕೆಳಗಿನ ಜಗಲಿಯಲ್ಲಿ ಬಟಾಣಿ ಸುಲಿಯುತ್ತ ಕೂತರೆ ಶಾಲೆಯ ಸಮಾಚಾರವೆಲ್ಲ ತಾನಾಗಿ ಬಂದು ಮಡಿಲಿಗೆ ಬೀಳುತ್ತಿತ್ತು.

"ನನ್ನ ಮುಖ ನೋಡ್ದೆ ಮೂರು ದಿನ ಇರ್ತಾರೆ ದಿದಿ. ಬೆಂಚು ನೋಡ್ದೆ ಒಂದು ದಿನ ಇರಲ್ಲ" ಎನ್ನುತ್ತಿದ್ದರು ಬೌದಿ.

"ನಿನ್ನ ಮುಖದಲ್ಲಿ ದಿನಾ ಹೊಸದೇನಿರುತ್ತೆ?" ಎಂದು ಒಳಗಿನಿಂದ ಅನಾದಿಬಾಬುವಿನ ದನಿ.

"ಕೇಳಿದ್ರಾ? ಇವತ್ತು ಮೀನಿನ ತಲೆ ಬೆಕ್ಕಿಗೆ."

ತ್ರೈಲೋಕ್ಯಮೋಹಿನಿ ಬಾಲಕರ ವಿದ್ಯಾಲಯ ಕಟ್ಟಿದ ಕಾಲದ ಬೆಂಚುಗಳು ಅವು. ಕಬ್ಬಿಣದಂಥ ಶಾಲ ಮರ. ಅದರ ಮೇಲೆ ತಲೆಮಾರುಗಳ ಹುಡುಗರು ಕೈವಾರದ ಮುಳ್ಳಿನಿಂದ ಕೊರೆದಿದ್ದರು. ದೊಡ್ಡ ಫುಟ್‌ಬಾಲ್ ಪಂದ್ಯದ ಮರುದಿನ ಸಿಗಡಿಯೋ ಇಲೀಶ್ ಮೀನೋ ಹೊಸದಾಗಿ ಮೂಡಿರುತ್ತಿತ್ತು. ಒಂದು ತಂಡದ ಗುರುತು ಸಿಗಡಿ, ಎದುರು ತಂಡದ್ದು ಇಲೀಶ್; ಸಿಗಡಿಯವರು ಗೆದ್ದರೋ ಇಲೀಶಿನವರು ಗೆದ್ದರೋ ಎಂದು ಅನಾದಿಬಾಬು ರೇಡಿಯೊ ಕೇಳದೆ ಹೇಳುತ್ತಿದ್ದರು. ಬಾಲಂಗೋಚಿ ಸೊಟ್ಟಗಾದ ಗಾಳಿಪಟಗಳು, ಗಂಗೆಯ ಮೇಲಿನ ದೋಣಿಗಳು, ಮೀಸೆಯ ಬೆಕ್ಕುಗಳು, ಯಾರದೋ ಜಡೆ. ಬೀಜಗಣಿತದ ಪ್ರಾಣಕೃಷ್ಣಬಾಬು ಸತತ ಎರಡು ಪೀರಿಯಡ್ ತೆಗೆದುಕೊಂಡ ಮರುದಿನ ಫಸಲು ಎಲ್ಲಕ್ಕಿಂತ ಚೆನ್ನಾಗಿರುತ್ತಿತ್ತು. ಪ್ರಾಣಕೃಷ್ಣಬಾಬು ತಮ್ಮ ಪಾಠದಿಂದ ಇಷ್ಟು ಬೆಳೆ ಬರುತ್ತಿದೆಯೆಂದು ತಿಳಿಯದೆಯೇ ನಿವೃತ್ತರಾದರು.

ಒಂದು ಸಂಜೆ ನಾನು ಅವರನ್ನು ಕೇಳಿದ್ದೆ, ಅದರಲ್ಲಿ ಓದುವುದಕ್ಕೆ ಏನಿರುತ್ತದೆ ಎಂದು.

"ಪರೀಕ್ಷೆ ಪೇಪರಲ್ಲಿ ಹುಡುಗ್ರು ನಮಗೆ ಬೇಕಾದ್ದನ್ನ ಬರೀತಾರೆ ದಿದಿ. ಬೆಂಚಲ್ಲಿ ಗೀಚೋವಾಗ ಅದು ಯಾರಿಗೂ ಬೇಕಾಗಿರಲ್ಲ. ಯಾರಿಗೂ ಬೇಡದ್ದನ್ನ ಒಬ್ಬ ಹುಡುಗ ಅಷ್ಟು ಶ್ರದ್ಧೆಯಿಂದ ಮಾಡ್ತಾನಲ್ಲ, ಅದನ್ನ ಯಾರಾದ್ರೂ ಒಬ್ರು ಓದ್ಬೇಕಲ್ವಾ?"

ಇದರಲ್ಲಿ ತಮಾಷೆಯೆಂದರೆ, ಅವರು ಗೀಚಿದವರನ್ನು ಹಿಡಿಯಲು ದಿನವೂ ತಪಾಸಣೆ ಮಾಡುತ್ತಿದ್ದಾರೆ ಎಂದೇ ಶಾಲೆಯವರು ತಿಳಿದಿದ್ದರು. ಬೆಂಚು ಕೊರೆದವರನ್ನು ಬಿಸಿಲಲ್ಲಿ ಕಿವಿ ಹಿಡಿಸಿ ನಿಲ್ಲಿಸುತ್ತಿದ್ದ ಹೆಡ್‌ಮಾಸ್ಟರ್ ಭವತೋಷ ಹಾಜ್ರಾ ಅವರು ಶಿಕ್ಷಕರ ಸಭೆಯಲ್ಲಿ, "ಅನಾದಿಬಾಬುವಿನ ಕಟ್ಟುನಿಟ್ಟು ನೋಡಿ ಕಲೀರಿ" ಎಂದಿದ್ದರಂತೆ. ಅನಾದಿಬಾಬು ಒಬ್ಬನೇ ಒಬ್ಬ ಹುಡುಗನ ಹೆಸರನ್ನೂ ಕೊಟ್ಟವರಲ್ಲ. ಹೊಗಳಿಕೆಯನ್ನು ಮಾತ್ರ ಬೇಡವೆನ್ನಲಿಲ್ಲ. ಹೊಗಳಿಕೆಯ ವಿಷಯದಲ್ಲಿ ಅವರು ಸ್ವಲ್ಪ ಆಸೆಬುರುಕರೇ.

ಅವರು ಕಲಿಸುತ್ತಿದ್ದದ್ದು ಕೈಕೆಲಸ. ಮೇಣದಬತ್ತಿ, ಪುಸ್ತಕದ ಹೊಲಿಗೆ, ಮರದ ಅಚ್ಚಿನಿಂದ ಬಟ್ಟೆಗೆ ಬಣ್ಣ ಒತ್ತುವುದು, ಫಿನಾಯಿಲ್. ಶಾಲೆಯ ಪಾಯಿಖಾನೆಗೆ ಬಳಸುವ ಫಿನಾಯಿಲ್ ತಮ್ಮ ಹುಡುಗರದ್ದೇ ಎಂದು ಬಂದ ನೆಂಟರಿಗೆಲ್ಲ ಹೇಳುತ್ತಿದ್ದರು, ಅದೂ ಅವರು ಊಟಕ್ಕೆ ಕೂತಾಗ. ಚೈತ್ರ ಕಳೆದರೆ ಅವರಿಗೂ ನಿವೃತ್ತಿ. ಆ ಮಾತು ಬಂದರೆ ಮುಖ ಸಣ್ಣದಾಗುತ್ತಿತ್ತು. "ಆಮೇಲೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ಲಿ?" ಎನ್ನುತ್ತಿದ್ದರು. ಗಂಗೆಯ ಸ್ನಾನಘಟ್ಟಕ್ಕೆ ಹೋಗಿ, ದೇವರ ಹೆಸರು ಹೇಳಿ ಎಂದು ನಾನು ಒಮ್ಮೆ ಸಲಹೆ ಕೊಟ್ಟೆ. ಅಲ್ಲಿಯ ಮೆಟ್ಟಿಲುಗಳ ಮೇಲೆ ಯಾರೂ ಗೀಚುವುದಿಲ್ಲ ಎಂದು ಬೇಸರಪಟ್ಟುಕೊಂಡರು.

ಆ ವರ್ಷ ಪುಷ್ಯ ಮಾಸದಲ್ಲಿ ಶಾಲೆಯ ಕಮಿಟಿ ಸಭೆ ಸೇರಿ, ಶಾಲೆಯನ್ನು ಹೊಸದಾಗಿಸಬೇಕೆಂದು ನಿರ್ಧರಿಸಿತು. ಕಮಿಟಿಯ ಸೆಕ್ರೆಟರಿ ಗದಾಧರ ಪೋದ್ದಾರ್ ಇಟ್ಟಿಗೆ ಭಟ್ಟಿಯ ಮಾಲೀಕ. ಅವರ ಭಾವಮೈದನಿಗೆ ಸನ್‌ಮೈಕಾ ಬೆಂಚು ಮಾಡುವ ಕಾರ್ಖಾನೆ ಇತ್ತು. ಆದ್ದರಿಂದ ಮಕ್ಕಳಿಗೆ ಸನ್‌ಮೈಕಾ ಬೆಂಚುಗಳ ತುರ್ತು ಅಗತ್ಯವಿದೆ ಎಂಬುದು ಎಲ್ಲರಿಗೂ ಹೊಳೆಯಿತು. ಹಳೆಯವು ಮಿಠಾಯಿ ಅಂಗಡಿಯ ಒಲೆಗೆ. ಸರಸ್ವತಿ ಪೂಜೆ ಮುಗಿದ ವಾರ ಗಾಡಿ ಬರುವುದೆಂದೂ ಗೊತ್ತಾಯಿತು.

ಅನಾದಿಬಾಬು ಅಂದು ಮನೆಗೆ ಬಂದು ಚಹಾ ಮುಟ್ಟಲಿಲ್ಲ.

"ರಸಗುಲ್ಲ ಕುದಿಸೋಕೆ ಸುಡ್ತಾರಂತೆ" ಎಂದರು.

"ಎಷ್ಟೋ ಜನ ಕಟ್ಟಿಗೆ ಇಲ್ದೆ ಪರದಾಡ್ತಾರೆ, ಮರ ತಾನೇ?" ಎಂದರು ಬೌದಿ.

"ಮರ ಅಲ್ಲ, ಶೆಫಾಲಿ. ಈ ಊರಿನ ಗಂಡಸರೆಲ್ಲ ಹುಡುಗರಾಗಿದ್ದಾಗ ನಿಜ ಹೇಳಿದ್ದು ಅಲ್ಲಿ ಮಾತ್ರ."

ಬೌದಿ ನನ್ನ ಮುಖ ನೋಡಿದರು, ನಾನು ಬೌದಿಯ ಮುಖ ನೋಡಿದೆ. ಮಾರನೆಯ ದಿನ ಅಡುಗೆಮನೆಯಿಂದ ಅನ್ನ ಬಡಿಸುವ ಹಿತ್ತಾಳೆಯ ಸೌಟು ಕಾಣೆಯಾಗಿತ್ತು.

ಅದು ಏಳನೇ ಬಿ ತರಗತಿಯಲ್ಲಿತ್ತು. ಅನಾದಿಬಾಬು ಪೇಟೆಯಿಂದ ಅಚ್ಚಿನ ಕಪ್ಪು ಮಸಿ ತಂದಿದ್ದರು. ಕಾಗದವೆಂದರೆ ಊರೆಲ್ಲ ಗಾಳಿಪಟ ಹಾರಿಸುವ ವಿಶ್ವಕರ್ಮ ಪೂಜೆಯ ಹೊತ್ತಿನಲ್ಲಿ ಮಾರಾಟವಾಗದೆ ಉಳಿದ ಗಾಳಿಪಟದ ಕಾಗದ, ಕೆಂಪು, ಹಳದಿ, ಹಸಿರು. ಹುಡುಗರು ಮೊದಲು ನಡುಗಿದರಂತೆ. ಕೊನೆಗೂ ಮೇಷ್ಟ್ರು ಲೆಕ್ಕ ಚುಕ್ತಾ ಮಾಡಲು ಬಂದರು ಎಂದು. ಅವರು ಮೊದಲ ಬೆಂಚಿಗೆ ರೋಲರಿನಿಂದ ಮಸಿ ಹಚ್ಚಿದರು. ಹಲಗೆಯೆಲ್ಲ ಕಪ್ಪಾಯಿತು, ಕೊರೆದ ಗೀರುಗಳು ಮಾತ್ರ ಆಳದಲ್ಲಿ ಹಾಗೇ ಉಳಿದವು. ಹಳದಿ ಕಾಗದವನ್ನು ಮೇಲೆ ಹಾಸಿ, ಸೌಟಿನ ಬೆನ್ನಿನಿಂದ ಹಸುಗೂಸಿನ ಬೆನ್ನು ಸವರುವ ಹಾಗೆ ಉಜ್ಜಿ, ತುದಿ ಹಿಡಿದು ಎತ್ತಿದರು.

"ಅರೆ!" ಎಂದ ಒಬ್ಬ. ಕಪ್ಪು ನೆಲದ ಮೇಲೆ ಹಳದಿ ಗೆರೆಗಳಲ್ಲಿ ಒಂದು ದೋಣಿ, ದೋಣಿಯೊಳಗೆ ಆನೆ, ಆನೆಯ ಮೇಲೆ ಕೂತ ಸಿಗಡಿ. ಒಂದೊಂದನ್ನೂ ಒಂದೊಂದು ಕಾಲದ ಹುಡುಗ ಸೇರಿಸಿದ್ದು. ಬೆಂಚಿನ ಮೇಲೆ ಯಾರಿಗೂ ಕಾಣದ ಚಿತ್ರ, ಕಾಗದದ ಮೇಲೆ ಎದ್ದು ನಿಂತಿತ್ತು.

"ಸ್ಯಾರ್, ಈ ಸೊಟ್ಟ ಬಾಲದ ಗಾಳಿಪಟ ನಮ್ಮಪ್ಪಂದು! ಅವರು ಈಗ್ಲೂ ಫೋನಲ್ಲಿ ಮಾತಾಡೋವಾಗ ಕ್ಯಾಲೆಂಡರ್ ಮೇಲೆ ಇದನ್ನೇ ಬರೀತಾರೆ!"

"ನಿಮ್ಮಪ್ಪ? ಬ್ಯಾಂಕಿನವ್ರು? ಬೆಂಚು ಕೊರೆಯೋರೆಲ್ಲ ಜೈಲಿಗೆ ಹೋಗ್ತಾರೆ ಅಂತ ನಂಗೆ ಬೈದಿದ್ರಲ್ಲೋ" ಎಂದ ಇನ್ನೊಬ್ಬ ಹುಡುಗ.

"ಬ್ಯಾಂಕಿಗೆ ಹೋಗ್ತಾರೆ ಅಂತ ಆಯ್ತಲ್ಲ."

ಆ ವಾರವಿಡೀ ಏಳನೇ ಬಿ ಹುಡುಗರ ತೋಳು ಮೊಳಕೈವರೆಗೆ ಕಪ್ಪು. ತಾಯಂದಿರು ನಮ್ಮ ಬಾಗಿಲಿಗೆ ಬಂದು ಅಂಗಿ ತೋರಿಸಿ ಜಗಳವಾಡಿದರು. ಬೌದಿ ಸೌಟಿನ ಜಗಳ ತೆಗೆದರು. ಅನಾದಿಬಾಬು ಎರಡನ್ನೂ ಕೇಳಿಸಿಕೊಳ್ಳದೆ ತರಗತಿಯ ಉದ್ದಕ್ಕೂ ಹಗ್ಗ ಕಟ್ಟಿ ಕಾಗದಗಳನ್ನು ಒಣಹಾಕುತ್ತಿದ್ದರು. ಬೆಂಚು ಸುಟ್ಟರೂ ಅಚ್ಚು ಉಳಿಯುತ್ತದೆ ಎಂಬುದೇ ಅವರ ಸಮಾಧಾನ.

ಕೊನೆಯ ಸಾಲಿನ ಬೆಂಚಿನಿಂದ ಬಂದದ್ದು ಒಂದು ಕಪ್ಪೆ. ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ ಕಪ್ಪೆ, ಕೈಯಲ್ಲಿ ಬೆತ್ತ, ಒಂದು ಕೆನ್ನೆ ಮಾತ್ರ ಕಿತ್ತಳೆ ಹಣ್ಣು ಇಟ್ಟ ಹಾಗೆ ಊದಿದೆ. ಇದನ್ನು ಅರ್ಥಮಾಡಿಕೊಳ್ಳಲು ಊರಿನವರಿಗೆಲ್ಲ ಗೊತ್ತಿದ್ದ ಒಂದು ಸಂಗತಿ ಹೇಳಬೇಕು. ಹೆಡ್‌ಮಾಸ್ಟರ್ ಭವತೋಷಬಾಬು ಬೆಳಗಿನಿಂದ ಸಂಜೆಯವರೆಗೆ ಎಡಗೆನ್ನೆಯಲ್ಲಿ ಪಾನ್ ಇಟ್ಟುಕೊಳ್ಳುತ್ತಿದ್ದರು. ಸೆಕ್ರೆಟರಿ ಗದಾಧರಬಾಬು ಬಲಗೆನ್ನೆಯಲ್ಲಿ. ಹುಡುಗರು ಬೆಂಚಿನ ಮೇಲೆ ಕೊರೆದ ಕಪ್ಪೆಗೆ ಎಡಗೆನ್ನೆ ಊದಿತ್ತು. ಯಾರನ್ನು ಕೊರೆದರೆಂದು ಕೇಳಬೇಕಿರಲಿಲ್ಲ. ಆದರೆ ಅಚ್ಚಿಗೆ ಒಂದು ಗುಣವಿದೆ. ಹಲಗೆಯ ಮೇಲಿನ ಎಡ ಕಾಗದದ ಮೇಲೆ ಬಲವಾಗುತ್ತದೆ.

ಹೆಡ್‌ಮಾಸ್ಟರು ಮಸಿಯ ವಾಸನೆ ಹಿಡಿದು ಬಂದರು. ಹಗ್ಗದ ಕೆಳಗೆ ನಿಂತು ಒಂದೊಂದನ್ನೇ ನೋಡಿದರು.

"ಇದೇನು ಅನಾದಿಬಾಬು? ಸಾಕ್ಷಿ ಸಂಗ್ರಹಾನಾ? ಶಹಬ್ಬಾಸ್. ಒಬ್ಬೊಬ್ಬನನ್ನೂ..." ಎನ್ನುತ್ತ ಕಪ್ಪೆಯ ಮುಂದೆ ಬಂದರು. ಅನಾದಿಬಾಬು ಕಣ್ಣು ಮುಚ್ಚಿಕೊಂಡರಂತೆ.

ಭವತೋಷಬಾಬುವಿನ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಹೆಗಲು, ಕೊನೆಗೆ ಪಾನ್ ಉದುರದಂತೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. "ಬಲಗೆನ್ನೆ! ನೋಡ್ರೀ, ಬಲಗೆನ್ನೆ! ಹುಡುಗರು ಸೆಕ್ರೆಟರಿಬಾಬುನ ಹೇಗೆ ಹಿಡಿದಿದ್ದಾರೆ! ಆ ಕೂರೋ ಭಂಗಿ, ಆ ಗರ್ವ!"

"ಸ್ಯಾರ್, ಅಚ್ಚಿನಲ್ಲಿ ಎಡ-ಬಲ ಸ್ವಲ್ಪ..."

"ಎಡ-ಬಲದ ರಾಜಕೀಯ ಶಾಲೆಯೊಳಗೆ ಬೇಡ ಅಂತ ಎಷ್ಟು ಸಲ ಹೇಳಿದೀನಿ? ಇದನ್ನೆಲ್ಲ ಸರಸ್ವತಿ ಪೂಜೆಗೆ ಪ್ರದರ್ಶನ ಇಡಿ. ಕಪ್ಪೆ ನಡುವೆ ಇರ್ಲಿ. ಹೆಸರು ಹಾಕ್ಬೇಡಿ, ತಿಳಿಯೋರಿಗೆ ತಿಳೀತದೆ."

ಸರಸ್ವತಿ ಪೂಜೆಯ ಬೆಳಿಗ್ಗೆ ನಾವೂ ಹೋಗಿದ್ದೆವು. ಹಳದಿ ಸೀರೆ, ಹಳದಿ ಅಂಗಿ, ಚೆಂಡುಹೂವು, ಪೂಜೆಗೆ ಮುಂಚೆ ತಿನ್ನುವಂತಿಲ್ಲದ ಬೋರೆಹಣ್ಣು ಅಂದು ಮೊದಲ ಸಲ ಬಾಯಿಗೆ ಬೀಳುವ ಹುಡುಗರ ಗಲಾಟೆ. ದೇವಿಯ ಪಾದದ ಬಳಿ ಪೆನ್ನು, ಪುಸ್ತಕ, ಕೈವಾರದ ಪೆಟ್ಟಿಗೆ, ತಬಲಾ ರಾಶಿ ಬಿದ್ದಿತ್ತು. ಅಂದು ಯಾರೂ ಅಕ್ಷರ ಬರೆಯುವಂತಿಲ್ಲ. ಮರುದಿನ ಬೆಳಿಗ್ಗೆ ಪೂಜೆ ವಿಸರ್ಜನೆಯಾಗುವವರೆಗೆ ಪೆನ್ನು ತಾಯಿಯದು, ಅದನ್ನು ಮುಟ್ಟಿದವನು ಪರೀಕ್ಷೆಯಲ್ಲಿ ಬೀಳುವುದು ಖಂಡಿತ. ಈ ನಂಬಿಕೆಯಲ್ಲಿ ಅಲ್ಲಿಯ ನಾಸ್ತಿಕರೂ ಗಟ್ಟಿಯಾಗಿದ್ದಾರೆ.

ಸೆಕ್ರೆಟರಿಬಾಬು ಕೋಲ್ಕತ್ತಾದಿಂದ ಕಲೆಯ ಪಂಡಿತೆಯೊಬ್ಬರನ್ನು ಕರೆಸಿದ್ದರು, ಐಂದ್ರಿಲಾ ಲಾಹಿರಿ ಎಂದು. ದೊಡ್ಡ ಕುಂಕುಮ, ದೊಡ್ಡ ಜೋಳಿಗೆ. ಆಕೆ ಒಂದೊಂದು ಅಚ್ಚಿನ ಮುಂದೆಯೂ ಎರಡು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ ಹೋಗುತ್ತಿದ್ದರು. ಹಿಂದೆ ಹೋಗುವಾಗಲೆಲ್ಲ ಖಿಚಡಿ ಬಡಿಸುವವರ ಬಕೆಟ್ಟಿಗೆ ಡಿಕ್ಕಿಯಾಗುತ್ತಿದ್ದರು.

ಸೆಕ್ರೆಟರಿಬಾಬು ಕಪ್ಪೆಯ ಮುಂದೆ ನಿಂತರು. ಹೆಡ್‌ಮಾಸ್ಟರು ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತರು. ಗದಾಧರಬಾಬು ತಲೆ ಓರೆ ಮಾಡಿ ನೋಡಿ, ಹೆಡ್‌ಮಾಸ್ಟರನ್ನು ನೋಡಿ, ಮತ್ತೆ ಕಪ್ಪೆಯನ್ನು ನೋಡಿ ಗಹಗಹಿಸಿ ನಕ್ಕರು. ಬೆತ್ತ ಹಿಡಿದ ಕಪ್ಪೆ ಹೆಡ್‌ಮಾಸ್ಟರಲ್ಲದೆ ಇನ್ಯಾರಾಗಿರಲು ಸಾಧ್ಯ? ಕೆನ್ನೆ ಯಾವ ಕಡೆಯದೆಂದು ಅವರು ನೋಡಲೇ ಇಲ್ಲ. "ಅದ್ಭುತ, ಮೊಶಾಯ್, ಅದ್ಭುತ!" ಎಂದರು. "ಅಲ್ವಾ? ನನಗೂ ಹಾಗೇ ಅನ್ನಿಸ್ತು" ಎಂದರು ಹೆಡ್‌ಮಾಸ್ಟರು. ಇಬ್ಬರೂ ಪರಸ್ಪರ ಬೆನ್ನು ತಟ್ಟಿಕೊಂಡರು. ವರ್ಷಗಳಿಂದ ಮುಖ ಕೊಟ್ಟು ಮಾತಾಡದವರು ಅಂದು ಒಂದೇ ಬಾಳೆಲೆಯ ಸಾಲಿನಲ್ಲಿ ಕೂತು ಖಿಚಡಿ ಉಂಡರು. ಕಪ್ಪೆಯಲ್ಲಿ ತನ್ನನ್ನು ಕಾಣುವ ವಿನಯ ದೇವರು ಎಲ್ಲರಿಗೂ ಕೊಟ್ಟಿರುವುದಿಲ್ಲ. ಅಂದು ಆ ಕೊರತೆಯಿಂದಲೇ ಶಾಂತಿ ನೆಲೆಸಿತು.

"ಈ ಕಪ್ಪೆ ಭೂಮಿತಾಯಿ" ಎಂದರು ಐಂದ್ರಿಲಾ. "ಊದಿದ ಕೆನ್ನೆ ಗರ್ಭ. ಮಗುವಿನ ಕೈ ಯೋಚನೆಯಿಲ್ಲದೆ, ಸ್ವಯಂಸ್ಫೂರ್ತಿಯಿಂದ ಹರಿದಾಗ ಮಾತ್ರ ಹೀಗೆ ಬರುತ್ತೆ. ಇದನ್ನ ಇಷ್ಟು ವರ್ಷ ಯಾರು ಕಾಪಾಡಿದ್ರು?"

"ನಾವೇ" ಎಂದರು ಹೆಡ್‌ಮಾಸ್ಟರೂ ಸೆಕ್ರೆಟರಿಯೂ ಒಟ್ಟಿಗೆ.

ಕೊನೆಯ ಸಾಲಿನ ಹುಡುಗರು ಖಿಚಡಿ ನೆತ್ತಿಗೇರಿ ಕೆಮ್ಮತೊಡಗಿದರು.

ಸ್ಥಳೀಯ ಪತ್ರಿಕೆಯ ವರದಿಗಾರ ಬಂದಿದ್ದ. ಅವನೂ ಆ ಊರವನೇ. ತನ್ನ ಪೆನ್ನನ್ನು ಬೆಳಿಗ್ಗೆಯೇ ದೇವಿಯ ಪಾದದಲ್ಲಿ ಇಟ್ಟಿದ್ದ. ಆದ್ದರಿಂದ ಅವನು ಕೈಕಟ್ಟಿಕೊಂಡು ಎಲ್ಲವನ್ನೂ ಕೇಳಿದ, ಏನನ್ನೂ ಬರೆದುಕೊಳ್ಳಲಿಲ್ಲ. ಎರಡು ದಿನ ಬಿಟ್ಟು ನೆನಪಿನಿಂದ ಬರೆದ. ತ್ರೈಲೋಕ್ಯಮೋಹಿನಿ ವಿದ್ಯಾಲಯದ ಹೆಡ್‌ಮಾಸ್ಟರು ಮಕ್ಕಳ ಸ್ವಯಂಸ್ಫೂರ್ತಿಗಾಗಿ ಬೆಂಚು ಕೊರೆಯುವುದನ್ನು ಬಹುಕಾಲದಿಂದ ಪ್ರೋತ್ಸಾಹಿಸುತ್ತ ಬಂದಿದ್ದಾರೆ, ಚೆನ್ನಾಗಿ ಕೊರೆದವರನ್ನು ಎಲ್ಲರಿಗೂ ಕಾಣುವಂತೆ ಅಂಗಳದಲ್ಲಿ ನಿಲ್ಲಿಸಿ ಗೌರವಿಸುತ್ತಾರೆ ಎಂದು ಅಚ್ಚಾಯಿತು. ಅನಾದಿಬಾಬುವಿನ ಹೆಸರು ಇರಲಿಲ್ಲ. ಫಿನಾಯಿಲಿನ ಪ್ರಸ್ತಾಪ ಒಂದು ಸಾಲಿತ್ತು.

ಭವತೋಷಬಾಬು ಮೊದಲ ದಿನ ಅದನ್ನು ಓದಿ ಆಶ್ಚರ್ಯಪಟ್ಟರು. ಎರಡನೆಯ ದಿನ ಒಪ್ಪಿಕೊಂಡರು. ಮೂರನೆಯ ದಿನದಿಂದ ಅವರಿಗೆ ಅದೆಲ್ಲ ನೆನಪಿಗೇ ಬರತೊಡಗಿತು.

ಪತ್ರಿಕೆಯಲ್ಲಿ ಹೆಸರಾದ ಬೆಂಚುಗಳನ್ನು ಇನ್ನು ಸುಡುವಂತಿರಲಿಲ್ಲ, ಹೀಗೆ ಅವು ಒಲೆಯಿಂದ ಉಳಿದವು. ಅನಾದಿಬಾಬು ಅದು ಗೊತ್ತಾದ ಸಂಜೆ ಮಿಠಾಯಿ ತಂದು ನಮಗೆಲ್ಲ ಹಂಚಿದರು. ನಾನು ದೇವರ ಮುಂದೆ ಒಂದು ದೀಪ ಹೆಚ್ಚಿಗೆ ಹಚ್ಚಿದೆ. ನಮ್ಮ ಸಂತೋಷ ಒಂದು ವಾರ ಬಾಳಿತು. ಮಿಠಾಯಿ ಅಂಗಡಿಯ ಗಾಡಿ ಬರಲಿಲ್ಲ, ನಿಜ. ಆದರೆ ಸನ್‌ಮೈಕಾದ ಗಾಡಿ ಬಂತು. ಹಳೆಯ ಬೆಂಚುಗಳಿಗೆ ವಾರ್ನಿಷ್ ಬಳಿದು, ಮಹಡಿಯ ಕೋಣೆಯೊಂದರಲ್ಲಿ ಜೋಡಿಸಿ, ಮೇಲೆ ಗಾಜು ಹಾಕಿ, ಬಾಗಿಲಿಗೆ ಬೀಗ ಹಾಕಿದರು. 'ಮುಟ್ಟಬಾರದು' ಎಂದು ಫಲಕ ತೂಗಿತು. ಕಪ್ಪೆಯ ಅಚ್ಚನ್ನು ಚೌಕಟ್ಟು ಹಾಕಿಸಿ ಹೆಡ್‌ಮಾಸ್ಟರರ ಕೋಣೆಯಲ್ಲಿ ಅವರ ಕುರ್ಚಿಯ ಹಿಂದಿನ ಗೋಡೆಗೇ ಹಾಕಿದರು. ಬಂದವರು ಕುರ್ಚಿಯನ್ನು ನೋಡಿ, ಗೋಡೆಯನ್ನು ನೋಡಿ, ಬೇಗ ಬೇಗ ಕೆಲಸ ಮುಗಿಸಿಕೊಂಡು ಹೊರಗೆ ಹೋಗಿ ನಗುತ್ತಿದ್ದರು.

ಅಷ್ಟಕ್ಕೇ ನಿಲ್ಲಲಿಲ್ಲ. ಗುರುವಾರದ ನಾಲ್ಕನೆಯ ಪೀರಿಯಡ್ ಕಡ್ಡಾಯ ಸ್ವಯಂಸ್ಫೂರ್ತಿ ಎಂದು ಆದೇಶವಾಯಿತು. ಹುಡುಗರಿಗೆ ಬಿಳಿ ಹಾಳೆ ಹಂಚಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಡತೊಡಗಿದರು. ಸ್ಫೂರ್ತಿಗೆ ಎರಡು, ಶುಚಿತ್ವಕ್ಕೆ ಎಂಟು. ಹೇಗೆ ಗೀಚಬೇಕೆಂಬುದಕ್ಕೆ ಬೋರ್ಡಿನ ಮೇಲೆ ಒಂದು ಮಾದರಿ ಬರೆದಿಟ್ಟಿದ್ದರು. ಟ್ಯೂಷನ್ ಮೇಷ್ಟ್ರುಗಳು ಎಚ್ಚೆತ್ತರು. ಪೇಟೆಯಲ್ಲಿ ಒಂದು ಗೈಡ್ ಕೂಡ ಬಂತು, 'ಸುಲಭ ಸ್ವಯಂಸ್ಫೂರ್ತಿ, ಖಚಿತ ಸಲಹೆಗಳೊಂದಿಗೆ'.

"ನಮ್ಮ ಹುಡುಗನಿಗೆ ಸ್ವಯಂಸ್ಫೂರ್ತಿ ಸ್ವಲ್ಪ ವೀಕು, ದಾದಾ" ಎಂದು ಸೊಟ್ಟ ಗಾಳಿಪಟದ ಬ್ಯಾಂಕಿನವರೇ ನಮ್ಮ ಜಗಲಿಗೆ ಬಂದು ಅನಾದಿಬಾಬುವನ್ನು ಕೇಳಿದರು. "ಭಾನುವಾರ ಬೆಳಿಗ್ಗೆ ಒಂದು ಗಂಟೆ ಹೇಳಿಕೊಡೋಕಾಗುತ್ತಾ?"

"ಅವನಿಗೆ ಏನೂ ಹೇಳ್ಕೊಡ್ಬೇಡಿ. ಸುಮ್ನೆ ಬೇಜಾರಾಗೋ ಕಡೆ ಕೂರ್ಸಿ."

"ತಮಾಷೆ ಮಾಡ್ಬೇಡಿ ದಾದಾ, ಅಂಕದ ಪ್ರಶ್ನೆ."

ಹುಡುಗರು ಗುರುವಾರದಂದು ಬಿಡಿಸಿದ್ದು ಏನು? ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಗುಡಿಸಲು, ಒಂದು ತೆಂಗಿನ ಮರ. ಬೈದ್ಯಬಾಟಿಯ ಸುತ್ತಮುತ್ತ ಬೆಟ್ಟ ನೋಡಬೇಕೆಂದರೆ ರೈಲು ಹತ್ತಬೇಕು. ಒಂದೇ ಬೆಟ್ಟ, ಒಂದೇ ಸೂರ್ಯ, ಎಲ್ಲರ ಹಾಳೆಯಲ್ಲೂ. ಎಲ್ಲರಿಗೂ ಎಂಟು.

ಅನಾದಿಬಾಬು ಬೆಳಗಿನ ಓದು ಬಿಟ್ಟಿರಲಿಲ್ಲ. ಹೋಗಿ, ಛತ್ರಿ ಸಿಕ್ಕಿಸಿ, ಸನ್‌ಮೈಕಾದ ಮೇಲೆ ಬಾಗುತ್ತಿದ್ದರು. ನುಣ್ಣಗೆ, ಬಿಳಿಯಾಗಿ, ಹಾಲಿನ ಕೆನೆಯ ಹಾಗೆ. ಕೈವಾರದ ಮುಳ್ಳು ಅದರ ಮೇಲೆ ಜಾರುತ್ತದೆ. ತಮ್ಮ ಮುಖವೇ ಮಂಕಾಗಿ ಕಾಣುತ್ತಿತ್ತಂತೆ, ಬೇರೇನೂ ಇಲ್ಲ. ಮನೆಗೆ ಬಂದು ಮಂಡಕ್ಕಿಗೆ ಸಾಸಿವೆ ಎಣ್ಣೆ ಬೆರೆಸಿ ಕೂತರೂ ತಿನ್ನುತ್ತಿರಲಿಲ್ಲ.

"ಒಲೆಗೆ ಹಾಕಿದ್ರೇ ಚೆನ್ನಾಗಿತ್ತು" ಎಂದರು ಒಂದು ದಿನ. "ಅಚ್ಚು ತೆಗೆದು ನಾನೇ ಕೆಡಿಸಿದೆ. ಯಾರಿಗೂ ಬೇಡದ್ದು ಈಗ ಎಲ್ಲರಿಗೂ ಬೇಕಾಯ್ತು. ಇನ್ನು ಆ ಹುಡುಗರು ಯಾಕೆ ಬರೀತಾರೆ?"

ಬೌದಿಗೆ ಆ ಮಾತು ಹಿಡಿಸಲಿಲ್ಲ. "ಬೆಂಚು ನೋಡಿದ್ದು ಸಾಕು. ಇನ್ನು ಬಿಡಿ, ಬೆಳಿಗ್ಗೆ ಮಾರ್ಕೆಟ್ಟಿಗಾದ್ರೂ ಹೋಗಿ" ಎಂದರು.

"ಚೈತ್ರದವರೆಗೆ ಹೋಗ್ತೀನಿ" ಎಂದರು ಅವರು.

ಫಾಲ್ಗುಣದ ಒಂದು ದಿನ ಅವರು ಮನೆಗೆ ಬಂದ ರೀತಿಯನ್ನು ನಾನು ಮರೆತಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ, ಎಂದೂ ಬಾರದ ಹೊತ್ತಿನಲ್ಲಿ, ಅಂಗಳಕ್ಕೆ ನುಗ್ಗಿ, "ಶೆಫಾಲಿ, ಮಂಡಕ್ಕಿ ಕೊಡು!" ಎಂದು ಕೂಗಿದರು. ನನಗೂ ಬೌದಿಗೂ ಹತ್ತಿರ ಬರಲು ಹೇಳಿ, ದನಿ ತಗ್ಗಿಸಿ ಹೇಳಿದ್ದು ಇದು.

ಅಂದು ಬೆಳಿಗ್ಗೆ ಬಾಗಿ ನೋಡುವಾಗ ಕನ್ನಡಕ ಜಾರಿ ಬೆಂಚಿನ ಕೆಳಗೆ ಬಿತ್ತು. ಅದನ್ನು ಹುಡುಕಲು ಮಂಡಿಯೂರಿದರು. ಕೈಗೆ ಕನ್ನಡಕ ಸಿಕ್ಕಿತು, ಹಾಕಿಕೊಂಡು ತಲೆ ಎತ್ತಿದರು. ಸನ್‌ಮೈಕಾ ಮೇಲೆ ಮಾತ್ರ ಇತ್ತು. ಕೆಳಗಡೆ ಒರಟು ಪ್ಲೈವುಡ್. ಆ ಪ್ಲೈವುಡ್ಡಿನ ತುಂಬ, ತುದಿಯಿಂದ ತುದಿಯವರೆಗೆ, ಹೊಸ ಗೀರುಗಳು.

ಅನಾದಿಬಾಬು ಧೋತಿ ಎತ್ತಿ ಕಟ್ಟಿ ನೆಲದ ಮೇಲೆ ಅಂಗಾತ ಮಲಗಿದರು. ಹುಡುಗರು ನೋಡದೆಯೇ, ಕೈಯನ್ನು ಕೆಳಗೆ ಚಾಚಿ, ಬೆರಳಿನ ಸ್ಪರ್ಶದಿಂದಲೇ ಕೊರೆದಿದ್ದರು. ಅದಕ್ಕೇ ಗೆರೆಗಳು ಮೊದಲಿಗಿಂತ ಹುಚ್ಚಾಗಿದ್ದವು. ಎರಡು ಬೆಟ್ಟಗಳ ನಡುವೆ ಹೆಡ್‌ಮಾಸ್ಟರರ ತಲೆ ಸೂರ್ಯನಾಗಿ ಹುಟ್ಟುತ್ತಿತ್ತು. ಗಾಜಿನ ಪೆಟ್ಟಿಗೆಯೊಳಗೆ ಒಂದು ಬೆಂಚು ಕೂತು ಅಳುತ್ತಿತ್ತು. ಜೋಳಿಗೆ ಹಾಕಿದ ಹೆಂಗಸೊಬ್ಬಳು ಖಿಚಡಿ ಬಕೆಟ್ಟಿನೊಳಗೆ ತಲೆಕೆಳಗಾಗಿದ್ದಳು. ಮೂರನೆಯ ಸಾಲಿನಲ್ಲಿ ಒಂದು ಬಡಕಲು ಕೊಕ್ಕರೆ, ಮೂಗಿನ ತುದಿಯಲ್ಲಿ ಕನ್ನಡಕ, ಕೊಕ್ಕಿನಲ್ಲಿ ಸೌಟು.

ಶಾಲೆಯ ಕಾವಲಿನ ದರವಾನ ರಾಮಸಿಂಗಾರ್ ಗಂಟೆ ಹೊಡೆಯಲು ಬಂದವನು ಬೆಂಚಿನ ಕೆಳಗಿನಿಂದ ಚಾಚಿದ್ದ ಎರಡು ಕಾಲು ಕಂಡು ಚೀರಿದ. "ಅಯ್ಯೋ ರಾಮ! ಮಾಷ್ಟರ್‌ಬಾಬು ಹೋಗ್ಬಿಟ್ರು!"

"ಸುಮ್ನಿರೋ" ಎಂದಿತು ಬೆಂಚಿನ ಕೆಳಗಿನ ದನಿ. "ಓದ್ತಾ ಇದೀನಿ."

"ಏನು ಓದ್ತಿದೀರಿ?"

"ನನ್ನ ಬಗ್ಗೆ ಬಂದಿದೆ. ಹೋಗು, ಗಂಟೆ ಹೊಡಿ. ಯಾರಿಗೂ ಹೇಳ್ಬೇಡ."

ಕೊಕ್ಕರೆಯ ಕಾಲು ತಮ್ಮ ಕಾಲಿನಷ್ಟು ಸಣ್ಣಗಿಲ್ಲ ಎಂದು ಅವರು ನಮ್ಮ ಮುಂದೆ ಸ್ವಲ್ಪ ವಾದಿಸಿದರು. ಬೌದಿ ಧೋತಿಯ ಕೆಳಗೆ ಕಣ್ಣು ಹಾಯಿಸಿ, ಹುಡುಗರ ಕಣ್ಣು ಚೆನ್ನಾಗಿದೆ ಎಂದರು. ಅವರು ಎರಡು ಬಟ್ಟಲು ಮಂಡಕ್ಕಿ ತಿಂದು ಮತ್ತೆ ಶಾಲೆಗೆ ಹೊರಟರು. ಆ ವಿಷಯ ನಮ್ಮ ಮೂವರ ಹೊರಗೆ ಹೋಗಬಾರದೆಂದು ನನ್ನಿಂದಲೂ ಬೌದಿಯಿಂದಲೂ ಮಾತು ತೆಗೆದುಕೊಂಡರು. ಆ ಹುಡುಗರೆಲ್ಲ ಈಗ ಮೀಸೆ ಬಂದ ಗಂಡಸರು, ಆ ಮಾತಿನ ಅವಧಿ ಮುಗಿದಿದೆ ಎಂದುಕೊಂಡು ಬರೆಯುತ್ತಿದ್ದೇನೆ.

ಅದಾಗಿ ಸ್ವಲ್ಪ ದಿನಕ್ಕೆ, ಅವರು ಬೆಳಗಿನ ಓದು ಮುಗಿಸಿ ಎದ್ದು ಬರುತ್ತಿದ್ದಂತೆಯೇ ಹೆಡ್‌ಮಾಸ್ಟರರ ಕೋಣೆಯಿಂದ ಕರೆ ಬಂತು. ಅಲ್ಲಿ ನಡೆದದ್ದನ್ನು ಗುಮಾಸ್ತರು ಆಮೇಲೆ ಊರಿಗೆಲ್ಲ ಹೇಳಿದರು. ಸೆಕ್ರೆಟರಿಬಾಬುವೂ ಇದ್ದರು. ಎದುರು ಬದುರು ಕೂತ ಇಬ್ಬರ ಕೆನ್ನೆಯೂ ಕಿಟಕಿಯ ಕಡೆಗೇ ಊದಿಕೊಂಡಿತ್ತು. ಕೋಲ್ಕತ್ತಾದಿಂದ ಇಲಾಖೆಯವರು ಸ್ವಯಂಸ್ಫೂರ್ತಿ ನೋಡಲು ಬರುತ್ತಿದ್ದರು. ಹಳೆಯ ಕಪ್ಪೆ ಸಾಲದು, ಈ ವರ್ಷದ್ದೂ ಬೇಕು ಎಂದು ಕೇಳಿ ಬರೆದಿದ್ದರು.

"ಕೂತ್ಕೊಳ್ಳಿ ಅನಾದಿಬಾಬು" ಎಂದರು ಹೆಡ್‌ಮಾಸ್ಟರು. ಆ ಕೋಣೆಯಲ್ಲಿ ಅನಾದಿಬಾಬುವಿಗೆ ಹಾಗೆ ಯಾರೂ ಎಂದೂ ಹೇಳಿರಲಿಲ್ಲ. "ನಿಮ್ಮನ್ನ ಚೈತ್ರದಲ್ಲಿ ಕಳಿಸೋಕೆ ನಮಗೆ ಮನಸ್ಸಿಲ್ಲ. ಕಮಿಟಿ ನಿಮಗೆ ಇನ್ನೂ ಎರಡು ವರ್ಷ ಸೇವೆ ಕೊಡುತ್ತೆ. ಸ್ವಯಂಸ್ಫೂರ್ತಿ ವಿಭಾಗದ ಮುಖ್ಯಸ್ಥರು ನೀವು."

"ಬೇರೆ ಕೋಣೆ, ಬಾಗಿಲ ಮೇಲೆ ಹೆಸರು, ಕೈಯಿರೋ ಕುರ್ಚಿ. ನಮ್ಮ ಭಾವಮೈದ ಕೊಡ್ತಾನೆ" ಎಂದರು ಸೆಕ್ರೆಟರಿ. "ನೀವು ಮಾಡ್ಬೇಕಾದ್ದು ಇಷ್ಟೇ, ಮೊಶಾಯ್. ನೀವು ದಿನಾ ಬೆಂಚು ನೋಡೋರು. ಹುಡುಗರು ಈಗ ಎಲ್ಲಿ ಗೀಚ್ತಿದಾರೆ ಅಂತ ನಿಮಗಲ್ದೆ ಯಾರಿಗೆ ಗೊತ್ತಿರುತ್ತೆ? ತೋರ್ಸಿ, ಅಚ್ಚು ತೆಗೀರಿ, ಮುಗೀತು."

ಎರಡು ವರ್ಷ. ಎರಡು ವರ್ಷದ ಬೆಳಗುಗಳು. ಅನಾದಿಬಾಬು ತಾವು ಕೂತಿದ್ದ ಕುರ್ಚಿಯ ಅಂಚನ್ನು ಸವರುತ್ತಿದ್ದರಂತೆ. ಕೈಯಿರುವ ಕುರ್ಚಿಯ ಬಗ್ಗೆ ಯೋಚಿಸುತ್ತಿದ್ದಾರೆಂದು ಗುಮಾಸ್ತರು ತಿಳಿದರು.

"ಈಗ ಯಾರೂ ಗೀಚ್ತಿಲ್ಲ ಸ್ಯಾರ್" ಎಂದರು ಕೊನೆಗೆ. "ಎಲ್ಲಾ ಬೆಂಚೂ ಹಾಲಿನ ಹಾಗಿದೆ. ನೀವೇ ಬಂದು ನೋಡಿ."

"ನಾನು ನೋಡಿದೀನಿ. ಅದಕ್ಕೇ ನಿಮ್ಮನ್ನ ಕೇಳ್ತಿರೋದು. ಆಯ್ತು, ಅಚ್ಚಿನ ಮಾತು ಬಿಡಿ, ನೀವೇ ನಾಲ್ಕು ಗೆರೆ ಎಳೆದ್ರೂ ಸರಿ, ಹುಡುಗರ ಹೆಸರು ಹಾಕೋಣ. ವಿಭಾಗ ನಡೀಲಿ. ಒಪ್ಕೊಳ್ಳಿ. ನಿಮಗೋಸ್ಕರ ಮಾಡ್ತಿರೋ ಉಪಕಾರ ಇದು."

ಅನಾದಿಬಾಬು ಎದ್ದರು. ಅವರ ಜುಬ್ಬಾದ ಬೆನ್ನಿನ ಮೇಲೆಲ್ಲ ನೆಲದ ಧೂಳು, ಹೆಗಲಿನಿಂದ ಸೊಂಟದವರೆಗೆ. ಎಲ್ಲಿಯಾದರೂ ಬಿದ್ದಿರಾ ಎಂದು ಗುಮಾಸ್ತರು ಕೇಳಿದರು.

"ವಯಸ್ಸಾಯ್ತು ನೋಡಿ" ಎಂದರು ಅನಾದಿಬಾಬು. ಆಮೇಲೆ ಹೆಡ್‌ಮಾಸ್ಟರಿಗೂ ಸೆಕ್ರೆಟರಿಗೂ ಕೈಮುಗಿದರು. "ನನಗೆ ಇನ್ನು ಬಗ್ಗಿ ನೋಡೋಕಾಗಲ್ಲ ಸ್ಯಾರ್. ಸೇವೆ ಬೇಡ, ಕೋಣೆ ಬೇಡ, ಕುರ್ಚಿನೂ ಬೇಡ. ಚೈತ್ರಕ್ಕೆ ಬಿಟ್ಟುಬಿಡಿ ನನ್ನ."